ಬಾಯ್ಲರ್ ಮನೆಯ ದುಡಿಮೆ: ಬಾಗಲಕೋಟೆ ಜಿಲ್ಲೆಯಲ್ಲಿ ತಾಸು, ಹಂಗಾಮು ಮತ್ತು ಪಗಾರದ ಲೆಕ್ಕ

1. ಪ್ರಶ್ನೆ

ಸಕ್ಕರೆ ಕಾರ್ಖಾನೆ ಕಬ್ಬು ನುರಿಸಲು ತೊಡಗುವ ಮೊದಲು ಬಾಯ್ಲರಿಗೆ ಬೆಂಕಿ ಕೊಡಬೇಕು. ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳಲ್ಲಿ ಇದಕ್ಕೆ ‘ಬಾಯ್ಲರ್ ಪ್ರದೀಪನ’ ಎಂಬ ಸಮಾರಂಭವೇ ಉಂಟು. ಮಠಾಧೀಶರು, ಆಡಳಿತ ಮಂಡಳಿಯವರು, ಊರಿನ ಹಿರಿಯರು ಸೇರಿ ಪೂಜೆ ನೆರವೇರಿಸುತ್ತಾರೆ. ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಅಂದು ಹೊತ್ತಿದ ಬೆಂಕಿಯನ್ನು ಹಂಗಾಮು ಮುಗಿಯುವವರೆಗೆ ಹಗಲಿರುಳು ಕಾಯುವವರು ಬಾಯ್ಲರ್ ಅಟೆಂಡಂಟ್, ಫೈರಮನ್, ವಾಟರ್‌ಮನ್, ಇಂಧನ ದೂಡುವವರು, ಬೂದಿ ಎಳೆಯುವವರು. ಕಬ್ಬಿನ ದರದ ಬಗ್ಗೆ ಪ್ರತಿವರ್ಷ ಹೋರಾಟ, ಸಭೆ, ಆದೇಶಗಳು ನಡೆಯುತ್ತವೆ. ಬಾಯ್ಲರ್ ಮನೆಯವರ ಪಗಾರದ ಪ್ರಶ್ನೆಗೆ ಅಂಥ ವೇದಿಕೆ ಸಿಕ್ಕಿದ್ದು ಕಡಿಮೆ.

ಈ ಟಿಪ್ಪಣಿ ಎತ್ತಿಕೊಳ್ಳುವ ಪ್ರಶ್ನೆ ಒಂದೇ. ಉಗಿಯ ಹೊಣೆ ಹೊತ್ತವನನ್ನು ಕಾನೂನು ಹೇಗೆ ಎಣಿಸುತ್ತದೆ? ನನ್ನ ವಾದ ಹೀಗಿದೆ: ಹೊಣೆ ಹೊರಿಸುವಾಗ ಕಾನೂನು ಅವನನ್ನು ವ್ಯಕ್ತಿಯಾಗಿ, ಪರೀಕ್ಷೆ ಪಾಸಾದ ಪ್ರಮಾಣಪತ್ರದ ಸಮೇತ ಗುರುತಿಸುತ್ತದೆ. ದುಡಿಮೆಯ ತಾಸು ಎಣಿಸುವಾಗ ಅವನ ಜಾಗಕ್ಕೆಂದೇ ವಿನಾಯಿತಿ ಬರೆದಿದೆ. ಸೇವೆ ಎಣಿಸುವಾಗ ಅವನನ್ನು ಕಾರ್ಖಾನೆಯ ಹಂಗಾಮಿಗೆ ಕಟ್ಟಿಹಾಕುತ್ತದೆ. ಈ ಮೂರೂ ಲೆಕ್ಕಗಳು ಒಂದೇ ಮನುಷ್ಯನ ಮೇಲೆ ಬೀಳುವುದರಿಂದ ಪಗಾರದ ಚೀಟಿಯೊಂದನ್ನೇ ನೋಡಿದರೆ ಅವನ ಸ್ಥಿತಿ ತಿಳಿಯುವುದಿಲ್ಲ.

ಆಧಾರವಾಗಿ ಕಾಯ್ದೆಗಳ ಪಾಠವನ್ನೂ ಉಗಿ ತಯಾರಿಕೆಯ ತಾಂತ್ರಿಕ ಕ್ರಮವನ್ನೂ ಇಟ್ಟುಕೊಂಡಿದ್ದೇನೆ. ಲೆಕ್ಕ ತೋರಿಸುವಲ್ಲೆಲ್ಲ ತಿಂಗಳ ಪಗಾರ ₹18,200 ಎಂದು ಹಿಡಿದಿದ್ದೇನೆ. ಇದು ಯಾವ ಕಾರ್ಖಾನೆಯ ದರವೂ ಅಲ್ಲ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸರಿಯಾಗಿ ₹700 ಬರುತ್ತದೆಂಬ ಅನುಕೂಲಕ್ಕೆ ಆರಿಸಿದ ಸಂಖ್ಯೆ. ಓದುಗರು ತಮ್ಮ ಪಗಾರವನ್ನು ಅದೇ ಜಾಗದಲ್ಲಿಟ್ಟು ಲೆಕ್ಕ ಮಾಡಿಕೊಳ್ಳಬಹುದು.

2. ಜಿಲ್ಲೆಯಲ್ಲಿ ಉಗಿ ಏಳುವ ಜಾಗಗಳು

ಬಾಗಲಕೋಟೆ ಜಿಲ್ಲೆ 1997ರ ಆಗಸ್ಟ್ 15ರಂದು ವಿಜಯಪುರದಿಂದ ಬೇರೆಯಾಯಿತು. ಕೃಷ್ಣಾ, ಘಟಪ್ರಭಾ ನೀರುಂಡ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ ಭಾಗದಲ್ಲಿ ಕಬ್ಬು ದಟ್ಟವಾಗಿದೆ. ಸಮೀರವಾಡಿ, ರನ್ನನಗರ, ಸಿದ್ದಾಪುರ, ಹಿರೇಪಡಸಲಗಿ, ಉತ್ತೂರ, ಬಾಡಗಂಡಿ, ಇವೆಲ್ಲ ಕಾರ್ಖಾನೆಯ ಚಿಮಣಿಯಿಂದಲೇ ದೂರಕ್ಕೆ ಗುರುತು ಸಿಗುವ ಹೆಸರುಗಳು. ಮಲಪ್ರಭೆಯ ಕಡೆ ಬಾದಾಮಿ ತಾಲ್ಲೂಕಿನ ಕೆರಕಲಮಟ್ಟಿಗೂ ಸಕ್ಕರೆ ಕಾರ್ಖಾನೆ ಬಂತು. ಜಿಲ್ಲೆಯಲ್ಲಿ ದೊಡ್ಡ ಬಾಯ್ಲರುಗಳ ಮುಖ್ಯ ನೆಲೆ ಸಕ್ಕರೆ, ಅದರ ಜೊತೆಗಿನ ವಿದ್ಯುತ್ ಘಟಕ ಮತ್ತು ಡಿಸ್ಟಿಲರಿ.

ಹುನಗುಂದ, ಇಳಕಲ್ಲಿನ ಕಡೆ ನೆಲ ಬೇರೆ, ದುಡಿಮೆ ಬೇರೆ. ಇಳಕಲ್ಲಿನಲ್ಲಿ ಸೀರೆ ಮತ್ತು ಕೆಂಪು ಗ್ರಾನೈಟು. ನೂಲಿಗೆ ಬಣ್ಣ ಹಾಕುವವರ ಕುದಿಯುವ ಹಂಡೆ, ಕ್ವಾರಿಗಳಲ್ಲಿ ಗಾಳಿ ಒತ್ತುವ ಕಂಪ್ರೆಸರ್. ಬನಹಟ್ಟಿಯ ಕಡೆ ಮಗ್ಗಗಳ ನೂಲಿಗೆ ಗಂಜಿ ಹಿಡಿಸುವ ಸೈಜಿಂಗ್ ಘಟಕಗಳಿಗೆ ಉಗಿ ಬೇಕು. ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸುವ ಗಾಣಗಳಲ್ಲಿ ಕಡಾಯಿಯ ಕೆಳಗೆ ಉರಿ ಹಾಕುವವನ ಕೆಲಸ ಬಾಯ್ಲರ್ ಫೈರಮನ್ ಕೆಲಸಕ್ಕೆ ಅಣ್ಣತಮ್ಮನಂತಿದೆ. ಬಾಗಲಕೋಟೆ ಪಟ್ಟಣ ಹತ್ತಿ ಜಿನ್ನಿಂಗ್, ಪ್ರೆಸ್ಸಿಂಗ್ ಕಂಡ ಹಳೆಯ ಪೇಟೆ. ಈ ಜಿನ್ನಿಂಗನ್ನು ಓದುಗರು ನೆನಪಿನಲ್ಲಿಡಬೇಕು. ವಿಮೆಯ ಪ್ರಶ್ನೆ ಬಂದಾಗ ಹತ್ತಿಯೂ ಸಕ್ಕರೆಯೂ ಒಂದೇ ಸಾಲಿನಲ್ಲಿ ಸಿಗುತ್ತವೆ.

3. ಒಂದು ಪಾಳಿಯಲ್ಲಿ ಆಗುವ ಕೆಲಸ

ಪಗಾರದ ಮಾತಿಗೆ ಮೊದಲು ಕೆಲಸದ ತೂಕ ತಿಳಿಯಬೇಕು. ನುರಿಸಿದ ಕಬ್ಬಿನಲ್ಲಿ ನೂರಕ್ಕೆ ಸುಮಾರು 28ರಿಂದ 30 ಪಾಲು ಸಿಪ್ಪೆಯಾಗಿ, ಅಂದರೆ ಬಗಾಸಾಗಿ ಉಳಿಯುತ್ತದೆ. ಅದರಲ್ಲಿ ಅರ್ಧದಷ್ಟು ತೇವ. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಯಲ್ಲಿ ಸುಮಾರು 1,400 ಟನ್ ಬಗಾಸು ಹುಟ್ಟುತ್ತದೆ. ಅದನ್ನೆಲ್ಲ ಉರಿಸಿದರೆ ಎಂಟು ತಾಸಿನ ಒಂದು ಪಾಳಿಗೆ 460 ಟನ್ನಿಗೂ ಹೆಚ್ಚು. ಒಂದು ಕಿಲೊ ಬಗಾಸಿನಿಂದ ಎರಡು ಕಿಲೊಗಿಂತ ಸ್ವಲ್ಪ ಹೆಚ್ಚು ಉಗಿ ಏಳುತ್ತದೆ. ಹಾಗಾಗಿ ತಾಸಿಗೆ ನೂರು ಟನ್ನಿಗೂ ಮೀರಿದ ಉಗಿ ಆ ಪಾಳಿಯವರ ಕೈಯಲ್ಲಿರುತ್ತದೆ.

ಹಳೆಯ ಸಕ್ಕರೆ ಬಾಯ್ಲರುಗಳು ಚದರ ಸೆಂಟಿಮೀಟರಿಗೆ 21 ಅಥವಾ 32 ಕಿಲೊ ಒತ್ತಡದಲ್ಲಿ ನಡೆಯುತ್ತಿದ್ದವು. ಹೊರಗೆ ವಿದ್ಯುತ್ ಮಾರುವ ಸಹ-ವಿದ್ಯುತ್ ಘಟಕಗಳು ಬಂದ ಮೇಲೆ 67, 87, ಕೆಲವೆಡೆ 110 ಕಿಲೊ ಒತ್ತಡದ ಬಾಯ್ಲರುಗಳು ಬಂದವು. ಉಗಿಯ ಬಿಸಿ 485ರಿಂದ 540 ಡಿಗ್ರಿ ಸೆಲ್ಸಿಯಸ್. 67 ಕಿಲೊ ಒತ್ತಡದಲ್ಲಿ ಡ್ರಮ್ಮಿನೊಳಗಿನ ನೀರು ಸುಮಾರು 280 ಡಿಗ್ರಿಯಲ್ಲಿಯೂ ನೀರಾಗಿಯೇ ನಿಂತಿರುತ್ತದೆ. ಎಲ್ಲಾದರೂ ಬಿರುಕು ಬಿಟ್ಟು ಒತ್ತಡ ಕಳಚಿತೆಂದರೆ ಅದರಲ್ಲೊಂದು ದೊಡ್ಡ ಪಾಲು ಕ್ಷಣದಲ್ಲಿ ಉಗಿಯಾಗುತ್ತದೆ. ಸಾಮಾನ್ಯ ಒತ್ತಡದಲ್ಲಿ ಉಗಿಗೆ ಬೇಕಾದ ಜಾಗ ನೀರಿನ ಸಾವಿರದಾರುನೂರು ಪಟ್ಟಿಗೂ ಹೆಚ್ಚು. ಅಟೆಂಡಂಟನ ಕಣ್ಣು ಡ್ರಮ್ಮಿನ ನೀರಿನ ಮಟ್ಟದ ಮೇಲೆ ನೆಟ್ಟಿರುವುದಕ್ಕೆ ಕಾರಣ ಇದೇ. ಫೀಡ್ ಪಂಪು ನಿಂತರೆ ಇಂದಿನ ಬಾಯ್ಲರುಗಳಲ್ಲಿ ನೀರು ತಳ ಕಾಣಲು ಕೆಲವೇ ನಿಮಿಷ ಸಾಕು. ಎಚ್ಚರದ ಗಂಟೆ, ತಾನಾಗಿ ನಿಲ್ಲುವ ವ್ಯವಸ್ಥೆ ಎಲ್ಲವೂ ಇವೆ. ಗಂಟೆ ಸುಳ್ಳೋ ನಿಜವೋ ಎಂದು ನಿರ್ಧರಿಸಬೇಕಾದವನು ಮಾತ್ರ ಮನುಷ್ಯ.

ಕಂಪ್ಯೂಟರ್ ಪರದೆ ಬಂದ ಮೇಲೆ ಈ ಕೆಲಸ ಹಗುರವಾಯಿತೆಂಬ ಮಾತಿದೆ. ನಿಯಂತ್ರಣ ಕೊಠಡಿಯಲ್ಲಿ ಕೂತವರ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಆದರೆ ಮಳೆಯಲ್ಲಿ ನೆನೆದ ಬಗಾಸು ಫೀಡರಿನಲ್ಲಿ ಕಟ್ಟಿಕೊಂಡರೆ ಸಲಾಕೆ ಹಿಡಿದು ಬಿಡಿಸಬೇಕು. ಒಲೆಯೊಳಗಿನ ಒತ್ತಡ ತುಸು ಏರಿದರೂ ಜ್ವಾಲೆ ಹೊರಕ್ಕೆ ನುಗ್ಗುತ್ತದೆ. ಡಿಸ್ಟಿಲರಿಯ ತ್ಯಾಜ್ಯವಾದ ಸ್ಪೆಂಟ್‌ವಾಶನ್ನು ಗಟ್ಟಿಮಾಡಿ ಉರಿಸುವ ಬಾಯ್ಲರುಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಅದರ ಪೊಟ್ಯಾಶ್ ತುಂಬಿದ ಬೂದಿ ಕೊಳವೆಗಳಿಗೆ ಮೆತ್ತಿಕೊಳ್ಳುವುದರಿಂದ ಪದೇ ಪದೇ ನಿಲ್ಲಿಸಿ, ಆರಿಸಿ, ಒಳಗಿಳಿದು ಕೆರೆಯಬೇಕಾಗುತ್ತದೆ. ಪರದೆಯ ಮುಂದಿನ ಕೆಲಸಕ್ಕೂ ಸಲಾಕೆಯ ಕೆಲಸಕ್ಕೂ ನಡುವೆ ಪಗಾರದ ಅಂತರ ದೊಡ್ಡದು. ಅಪಾಯದ ಅಂತರ ತಿರುಗುಮುರುಗಾಗಿದೆ.

4. ಪ್ರಮಾಣಪತ್ರ ಮತ್ತು ಹೊಣೆ

ಭಾರತದ ಬಾಯ್ಲರ್ ಕಾನೂನು ಹುಟ್ಟಿದ್ದು ಸಾವಿನಿಂದ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತರು. ಮರುವರ್ಷವೇ ಬಂಗಾಳದಲ್ಲಿ ತಪಾಸಣೆಯ ಕಾಯ್ದೆ ಬಂತು. ಆಮೇಲೆ ಪ್ರಾಂತಕ್ಕೊಂದರಂತೆ ಇದ್ದ ಕಾನೂನುಗಳನ್ನು ಸೇರಿಸಿ 1923ರಲ್ಲಿ ಇಡೀ ದೇಶಕ್ಕೆ ಬಾಯ್ಲರ್ ಕಾಯ್ದೆ ಮಾಡಿದರು. 1950ರ ಭಾರತೀಯ ಬಾಯ್ಲರ್ ನಿಯಮಾವಳಿ ಲೋಹದ ದಪ್ಪ, ಬೆಸುಗೆ, ಸೇಫ್ಟಿ ವಾಲ್ವು ಹೇಗಿರಬೇಕೆಂದು ವಿಧಿಸಿತು. 2011ರಲ್ಲಿ ಬಾಯ್ಲರ್ ಅಟೆಂಡಂಟ್ ನಿಯಮಗಳೂ ಬಾಯ್ಲರ್ ಆಪರೇಶನ್ ಎಂಜಿನಿಯರ್ ನಿಯಮಗಳೂ ಬಂದವು. 1923ರ ಕಾಯ್ದೆಯ ಜಾಗಕ್ಕೆ ಈಗ 2025ರ ಬಾಯ್ಲರ್ ಕಾಯ್ದೆ ಬಂದಿದೆ.

ಇವುಗಳ ತಿರುಳು ಇಷ್ಟು: ಪ್ರಮಾಣಪತ್ರವುಳ್ಳ ವ್ಯಕ್ತಿಯ ಉಸ್ತುವಾರಿ ಇಲ್ಲದೆ ಬಾಯ್ಲರ್ ನಡೆಸುವಂತಿಲ್ಲ. ಸಣ್ಣದಕ್ಕೆ ಎರಡನೆಯ ದರ್ಜೆ, ದೊಡ್ಡದಕ್ಕೆ ಮೊದಲ ದರ್ಜೆ, ವಿದ್ಯುತ್ ಘಟಕದ ಗಾತ್ರದ್ದಕ್ಕೆ ಆಪರೇಶನ್ ಎಂಜಿನಿಯರ್. ಪರೀಕ್ಷೆ ಬರೆದು, ಅನುಭವದ ದಾಖಲೆ ತೋರಿಸಿ, ಪರೀಕ್ಷಕರ ಮುಂದೆ ಬಾಯಿಮಾತಿನಲ್ಲೂ ಉತ್ತರಿಸಿ ಪಡೆಯುವ ಅರ್ಹತೆ ಇದು. ಕರ್ತವ್ಯದಲ್ಲಿ ಅಲಕ್ಷ್ಯ ಕಂಡರೆ ಪತ್ರವನ್ನು ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಸೇಫ್ಟಿ ವಾಲ್ವಿಗೆ ಕೈಹಾಕಿ ಅದು ಕೆಲಸ ಮಾಡದಂತೆ ಮಾಡಿದರೆ ಜೈಲು. ಹೊಸ ಕಾಯ್ದೆ ಏಳು ಅಪರಾಧಗಳಲ್ಲಿ ಮೂರಕ್ಕೆ ಕ್ರಿಮಿನಲ್ ಶಿಕ್ಷೆ ತೆಗೆದು ಹಣದ ದಂಡವನ್ನಷ್ಟೇ ಇಟ್ಟಿತು. ಜೀವಹಾನಿ ತರಬಲ್ಲ ನಾಲ್ಕಕ್ಕೆ ಕ್ರಿಮಿನಲ್ ಶಿಕ್ಷೆ ಹಾಗೇ ಉಳಿದಿದೆ. ಬಾಯ್ಲರಿನ ಒಳಗಿಳಿದು ಕೆಲಸ ಮಾಡುವವರ ಸುರಕ್ಷತೆಗೆ ಪ್ರತ್ಯೇಕ ಕಲಮು ಸೇರಿಸಿದ್ದು ಈ ಕಾಯ್ದೆಯ ಒಳ್ಳೆಯ ಅಂಶ.

ಇಷ್ಟೆಲ್ಲ ಹೇಳುವ ಬಾಯ್ಲರ್ ಕಾನೂನಿನಲ್ಲಿ ಪಗಾರದ ಮಾತಿಲ್ಲ. ಅದು ಕನಿಷ್ಠ ವೇತನದ ಕಾನೂನಿಗೆ ಬಿಟ್ಟ ವಿಷಯ. ಅಲ್ಲಿ ಕೆಲಸಗಾರರನ್ನು ಕುಶಲ, ಅರೆಕುಶಲ, ಕುಶಲರಹಿತ ಎಂಬ ಸಾಲುಗಳಲ್ಲಿ ಇಡುತ್ತಾರೆ. ಪ್ರಮಾಣಪತ್ರದವನು ಕುಶಲರ ಸಾಲಿಗೆ ಸೇರುತ್ತಾನೆ. ತಪ್ಪಾದರೆ ಜೀವನೋಪಾಯದ ಪತ್ರವನ್ನೇ ಕಳೆದುಕೊಳ್ಳುವ ಹೊಣೆ ಆ ಸಾಲಿನ ಎಲ್ಲರಿಗೂ ಇಲ್ಲ, ಇವನಿಗಿದೆ. ಈ ಹೊಣೆಗೆ ವೇತನದ ಪಟ್ಟಿಯಲ್ಲಿ ಬೇರೆ ಬೆಲೆಯಿಲ್ಲ.

ಪತ್ರ ಬೇಕಾದದ್ದು ಉಸ್ತುವಾರಿಗೆ ಮಾತ್ರ. ಇಂಧನ ದೂಡುವವರು, ಬೂದಿ ಎಳೆಯುವವರು, ಕೊಳವೆ ಕೆರೆಯುವವರು ಆ ಕಟ್ಟಿನ ಹೊರಗೆ ಉಳಿಯುವುದರಿಂದ ಅವರನ್ನು ಗುತ್ತಿಗೆದಾರನ ಮೂಲಕ ತರುವುದು ಸುಲಭ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೂ ಅದರಡಿಯ ನಿಯಮಗಳೂ ಎರಡು ರಕ್ಷಣೆಗಳನ್ನು ಕೊಟ್ಟಿದ್ದವು. ಕಾಯಂ ಕಾರ್ಮಿಕರದೇ ಅಥವಾ ಅದಕ್ಕೆ ಹೋಲುವ ಕೆಲಸ ಮಾಡಿದರೆ ಪಗಾರವೂ ಅಷ್ಟೇ ಇರಬೇಕು. ಗುತ್ತಿಗೆದಾರ ಬಟವಡೆ ಮಾಡದಿದ್ದರೆ ಕಾರ್ಖಾನೆಯೇ ಕೊಡಬೇಕು. ಎರಡನೆಯ ಹಕ್ಕನ್ನು 2025ರಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಉಳಿಸಿಕೊಂಡಿದೆ. ಬಾಕಿ ಉಳಿದ ಪಗಾರಕ್ಕೆ ಗುತ್ತಿಗೆದಾರನ ಮನೆ ಬಾಗಿಲು ತಟ್ಟುವವರಿಗೆ ಇದು ಮೊದಲು ಗೊತ್ತಿರಬೇಕಾದ ಮಾತು.

5. ತಾಸಿನ ಲೆಕ್ಕ

1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ತಾಸು, ದಿನಕ್ಕೆ 9 ತಾಸು, ವಾರಕ್ಕೊಂದು ರಜೆ ಎಂದು ಹೇಳಿತು. ಅದರ 64ನೆಯ ಕಲಮು ವಿನಾಯಿತಿ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಒಪ್ಪಿಸಿತು. ಆ ಪಟ್ಟಿಯಲ್ಲಿ ಎಂಜಿನ್ ಕೋಣೆ ಮತ್ತು ಬಾಯ್ಲರ್ ಮನೆಯ ಕೆಲಸಗಾರರನ್ನು ಹೆಸರಿಸಿ, ವಾರದ ತಾಸಿನ ಮಿತಿಯಿಂದಲೂ ವಾರದ ರಜೆಯಿಂದಲೂ ಬಿಡಬಹುದೆಂದು ಬರೆದಿತ್ತು. ನಿಗದಿತ ಹಂಗಾಮಿನಲ್ಲಷ್ಟೇ ನಡೆಯುವ ಉದ್ಯಮಗಳಿಗೆ ಬೇರೆ ವಿನಾಯಿತಿ. ಸಕ್ಕರೆ ಕಾರ್ಖಾನೆಯ ಬಾಯ್ಲರಿನವನು ಎರಡೂ ಕಡೆಯಿಂದ ವಿನಾಯಿತಿಗೆ ಸಿಕ್ಕವನು.

ವಿನಾಯಿತಿಗೂ ಮೇರೆ ಇತ್ತು. ದಿನಕ್ಕೆ 10 ತಾಸು, ಓವರ್‌ಟೈಮ್ ಸೇರಿ ವಾರಕ್ಕೆ 60 ತಾಸು ಮೀರಬಾರದು. ಬಿಟ್ಟ ರಜೆಗೆ ಬದಲಿ ರಜೆಯನ್ನು ಅದೇ ತಿಂಗಳಲ್ಲೋ ಮುಂದಿನ ಎರಡು ತಿಂಗಳಲ್ಲೋ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು 59ನೆಯ ಕಲಮು. ದಿನಕ್ಕೆ 9 ಅಥವಾ ವಾರಕ್ಕೆ 48 ತಾಸು ಮೀರಿದ ದುಡಿಮೆಗೆ ಎರಡುಪಟ್ಟು ಪಗಾರ ಎಂಬ ಈ ನಿಯಮವನ್ನು ಬಾಯ್ಲರ್ ಮನೆಯ ವಿನಾಯಿತಿ ಮುಟ್ಟಲಿಲ್ಲ. ಹೆಚ್ಚು ಹೊತ್ತು ದುಡಿಸಲು ಅನುಮತಿ ಸಿಕ್ಕರೂ ಕಡಿಮೆ ಕೊಡಲು ಅನುಮತಿ ಸಿಕ್ಕಿರಲಿಲ್ಲ.

ಈಗ ಲೆಕ್ಕ. ಬಾಯ್ಲರ್ ವಾರದ 168 ತಾಸೂ ಉರಿಯುತ್ತದೆ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ. ಅಂದರೆ ಒಂದು ಜಾಗಕ್ಕೆ ಮೂರೂವರೆ ಆಳು ಬೇಕು. ರಜೆ, ಕಾಯಿಲೆ ಸೇರಿಸಿದರೆ ನಾಲ್ವರು. ಮೂವರನ್ನೇ ಇಟ್ಟು ರಿಲೀವರ್ ಕೊಡದಿದ್ದರೆ ಒಬ್ಬೊಬ್ಬರಿಗೂ ವಾರಕ್ಕೆ 56 ತಾಸು ಬೀಳುತ್ತದೆ. ದಿನಕ್ಕೆ ₹700ರಂತೆ ತಾಸಿಗೆ ₹87.50, ಓವರ್‌ಟೈಮಿಗೆ ₹175. ವಾರದ 8 ಹೆಚ್ಚುವರಿ ತಾಸಿಗೆ ₹1,400, ಅಂದರೆ ಎರಡು ದಿನದ ಪಗಾರ ಮೇಲೆ ಬರಬೇಕು.

ಹನ್ನೆರಡು ತಾಸಿನ ಪಾಳಿಯಲ್ಲಿ ವಾರಕ್ಕೆ ಆರು ದಿನ ದುಡಿದರೆ 72 ತಾಸು. ಇದು 60ರ ಮೇರೆಯನ್ನು ದಾಟಿದ್ದರಿಂದ ಮೊದಲಿಗೇ ತಪ್ಪು. ಹಾಗೆ ದುಡಿಸಿಕೊಂಡಿದ್ದರೆ ಮೊದಲ 48 ತಾಸಿಗೆ ₹4,200, ಉಳಿದ 24 ತಾಸಿಗೆ ಎರಡುಪಟ್ಟಿನಂತೆ ಮತ್ತೆ ₹4,200. ಒಂದು ವಾರಕ್ಕೆ ಎರಡು ವಾರದ ಪಗಾರ! ಒಂದೂವರೆ ಹಾಜರಿ ಬರೆದು ಕೊಟ್ಟರೆ ₹6,300 ಆಗುತ್ತದೆ. ವಾರಕ್ಕೆ ₹2,100ರಂತೆ ಇಪ್ಪತ್ತು ವಾರದ ಹಂಗಾಮಿನಲ್ಲಿ ₹42,000 ಕಾರ್ಮಿಕನ ಕೈತಪ್ಪುತ್ತದೆ. ಒಂದೂವರೆ ಹಾಜರಿ ಔದಾರ್ಯದಂತೆ ಕಾಣುವುದರಿಂದಲೇ ಈ ಲೆಕ್ಕವನ್ನು ಬಿಡಿಸಿ ಬರೆಯಬೇಕಾಯಿತು.

ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಯನ್ನು ತಿದ್ದಿ, ವಾರದ 48 ತಾಸಿನ ಮೇರೆಯನ್ನು ಉಳಿಸಿಕೊಂಡು ಕಾರ್ಮಿಕನ ಲಿಖಿತ ಒಪ್ಪಿಗೆಯ ಮೇಲೆ 12 ತಾಸಿನ ದಿನಕ್ಕೆ ದಾರಿ ಮಾಡಿತು. ಮೂರು ತಿಂಗಳ ಓವರ್‌ಟೈಮ್ ಮಿತಿ 75ರಿಂದ 145 ತಾಸಿಗೆ ಏರಿತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿಯೂ ಓವರ್‌ಟೈಮಿಗೆ ಎರಡುಪಟ್ಟು ಎಂಬ ತತ್ವ ಉಳಿದಿದೆ. ಲಿಖಿತ ಒಪ್ಪಿಗೆ ಎಂಬ ಮಾತಿನ ಬೆಲೆ ಒಪ್ಪದೆ ಇರುವ ಶಕ್ತಿ ಕಾರ್ಮಿಕನಿಗೆ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಅಮೆರಿಕದ ಷಿಕಾಗೋದಲ್ಲಿ 1896ರಲ್ಲಿ ಉಗಿ ಎಂಜಿನಿಯರುಗಳು ರಾಷ್ಟ್ರೀಯ ಸಂಘ ಕಟ್ಟಿಕೊಂಡಾಗಲೂ ಉದ್ದನೆಯ ದುಡಿಮೆಯ ದಿನವೇ ಅವರ ದೊಡ್ಡ ದೂರಾಗಿತ್ತು. ಆ ಸಂಘ ಇಂದು ಆಪರೇಟಿಂಗ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಯೂನಿಯನ್ ಆಗಿ ಬೆಳೆದಿದೆ. ಅಲ್ಲಿ ಪರವಾನಗಿಯೂ ಸಂಘವೂ ಜೊತೆಜೊತೆಗೆ ಬೆಳೆದು ಪಗಾರವನ್ನು ಮೇಲೆತ್ತಿದವು. ಇಲ್ಲಿ ಪರವಾನಗಿ ಬಲಿಯಿತು, ಚೌಕಾಶಿಯ ಬಲ ಅದರ ಹಿಂದೆಯೇ ಉಳಿಯಿತು.

6. ಹಂಗಾಮಿನ ಲೆಕ್ಕ

ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರಿನಲ್ಲಿ ಶುರುವಾಗಿ ಮಾರ್ಚ್-ಏಪ್ರಿಲಿಗೆ ಮುಗಿಯುತ್ತದೆ. 150 ದಿನವೆಂದು ಹಿಡಿಯೋಣ. ಕಾರ್ಖಾನೆ ಕಾಯ್ದೆಯಲ್ಲಿ ಸಂಬಳಸಹಿತ ವಾರ್ಷಿಕ ರಜೆ ಸಿಗಲು ವರ್ಷಕ್ಕೆ 240 ದಿನ ದುಡಿದಿರಬೇಕಿತ್ತು. ಹೊಸ ಸಂಹಿತೆ ಅದನ್ನು 180 ದಿನಕ್ಕೆ ಇಳಿಸಿದೆ. ಸುಧಾರಣೆ ನಿಜ, ಆದರೆ 150 ದಿನದವನಿಗೆ 180 ಕೂಡ ಎಟುಕದು. ಒಪ್ಪಂದದ ಅಥವಾ ಸ್ಥಾಯಿ ಆದೇಶಗಳ ಪ್ರಕಾರ ಲೇ-ಆಫ್ ಆದ ದಿನಗಳನ್ನು ಈ ಅರ್ಹತೆಗೆ ಸೇರಿಸಿಕೊಳ್ಳುವ ಅವಕಾಶ ಕಾನೂನಿನಲ್ಲಿದೆ. ಆದ್ದರಿಂದ ಹಂಗಾಮು ಮುಗಿದ ದಿನ ಕಾರ್ಖಾನೆಯ ಕಾಗದದಲ್ಲಿ ‘ಲೇ-ಆಫ್’ ಎಂದು ಬರೆದಿದೆಯೋ ‘ಕೆಲಸ ಮುಗಿಯಿತು’ ಎಂದು ಬರೆದಿದೆಯೋ ಎಂಬುದರ ಮೇಲೆ ರಜೆಯ ಹಕ್ಕು ನಿಲ್ಲುತ್ತದೆ.

ಗ್ರಾಚ್ಯುಟಿಯಲ್ಲಿ ಅಂತರ ಎದ್ದು ಕಾಣುತ್ತದೆ. 1972ರ ಕಾಯ್ದೆಯಲ್ಲಿ ವರ್ಷವಿಡೀ ದುಡಿಯುವವನಿಗೆ ವರ್ಷಕ್ಕೆ 15 ದಿನದ ಪಗಾರ. ಹಂಗಾಮಿನವನಿಗೆ ಹಂಗಾಮಿಗೆ 7 ದಿನದ್ದು. ದಿನಕ್ಕೆ ₹700ರಂತೆ ಮೂವತ್ತು ವರ್ಷಕ್ಕೆ ಮೊದಲಿನವನಿಗೆ ₹3,15,000, ಎರಡನೆಯವನಿಗೆ ₹1,47,000. ಕೊನೆಯ ಪಗಾರ ಒಂದೇ, ಪ್ರಮಾಣಪತ್ರ ಒಂದೇ ಆಗಿದ್ದರೂ ಈ ಅಂತರ ಉಳಿಯುತ್ತದೆ. ಇನ್ನು ಕೈಗಾರಿಕಾ ವಿವಾದಗಳ ಕಾನೂನಿನ ಲೇ-ಆಫ್ ಪರಿಹಾರದ ಅಧ್ಯಾಯ ಹಂಗಾಮಿ ಸ್ವರೂಪದ ಉದ್ಯಮಗಳಿಗೆ ಅನ್ವಯಿಸುವುದೇ ಇಲ್ಲ. ಈ ಕೊರತೆಯನ್ನು ಒಂದಿಷ್ಟು ತುಂಬಿದ್ದು ರಿಟೆನ್ಶನ್ ಭತ್ಯೆ. ಸಕ್ಕರೆ ಉದ್ಯಮಕ್ಕೆ 1957ರಲ್ಲಿ ನೇಮಿಸಿದ ಮೊದಲ ಕೇಂದ್ರ ವೇತನ ಮಂಡಳಿಯ ಕಾಲದಿಂದ ಮುಂದೆ, ಕುಶಲ ಕಾರ್ಮಿಕ ಮುಂದಿನ ಹಂಗಾಮಿಗೆ ಮರಳಿ ಬರಲೆಂದು ಬಿಡುವಿನ ತಿಂಗಳುಗಳಿಗೆ ಪಗಾರದ ಒಂದು ಪಾಲು ಕೊಡುವ ಪದ್ಧತಿ ಬೇರೂರಿತು. ಕುಶಲತೆ ಇಳಿದಂತೆ ಆ ಪಾಲೂ ಇಳಿಯುತ್ತದೆ. ಗುತ್ತಿಗೆಯವನಿಗೆ ಅದು ತಲುಪುವುದು ಕಷ್ಟ.

ಇಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಗಿರಣಿ ನಿಂತ ಮೇಲೆ ಬಾಯ್ಲರಿನ ಕೆಲಸವೂ ನಿಲ್ಲುತ್ತದೆಯೇ? ಬಾಯ್ಲರಿನ ಪ್ರಮಾಣಪತ್ರಕ್ಕೆ ಅವಧಿಯಿರುತ್ತದೆ. ತಪಾಸಣೆಗೆ ಮೊದಲು ಕೊಳವೆ ತೊಳೆದು, ವಾಲ್ವು ಬಿಚ್ಚಿ ಕೂಡಿಸಿ, ನೀರಿನ ಒತ್ತಡದ ಪರೀಕ್ಷೆಗೆ ಸಜ್ಜುಗೊಳಿಸಬೇಕು. ಇದೆಲ್ಲ ನಡೆಯುವುದು ಆಫ್ ಸೀಜನ್ನಿನಲ್ಲಿ. ಎಥೆನಾಲ್ ಬಂದ ಮೇಲೆ ಚಿತ್ರ ಇನ್ನಷ್ಟು ಬದಲಾಗಿದೆ. ಮೊಲಾಸಿಸ್ ಅಥವಾ ಧಾನ್ಯ ಬಳಸುವ ಡಿಸ್ಟಿಲರಿ ನುರಿಸುವ ಹಂಗಾಮಿನ ಆಚೆಗೂ ನಡೆಯುತ್ತದೆ, ಅದಕ್ಕೆ ಉಗಿ ಬೇಕೇ ಬೇಕು. ಉಳಿಸಿಟ್ಟ ಬಗಾಸು ಉರಿಸಿ ವಿದ್ಯುತ್ ಮಾರುವ ಘಟಕಕ್ಕೂ ಅಷ್ಟೆ. ಬಾಯ್ಲರ್ ವರ್ಷದ ಒಂಬತ್ತು ತಿಂಗಳು ಉಗಿ ಕೊಟ್ಟಿದ್ದರೆ, ಅದರ ಮುಂದೆ ನಿಂತವನ ಸೇವೆಯನ್ನು ಐದು ತಿಂಗಳ ಹಂಗಾಮೆಂದು ಎಣಿಸುವುದಕ್ಕೆ ಆಧಾರವಿಲ್ಲ. ಸೇವೆಯನ್ನು ಅಳೆಯಬೇಕಾದದ್ದು ಗಿರಣಿಯ ದಿನಗಳಿಂದಲ್ಲ, ಬಾಯ್ಲರಿನ ದಿನಗಳಿಂದ.

7. ವಿಮೆ, ಪರಿಹಾರ, ಉಸಿರು

1948ರ ನೌಕರರ ರಾಜ್ಯ ವಿಮಾ ಕಾಯ್ದೆ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತು. ಹಂಗಾಮಿ ಕಾರ್ಖಾನೆ ಎಂದರೆ ಯಾವುದೆಂದು ಹೇಳುವ ಪಟ್ಟಿಯಲ್ಲಿ ಹತ್ತಿ ಜಿನ್ನಿಂಗ್, ಹತ್ತಿ ಮತ್ತು ಸೆಣಬಿನ ಪ್ರೆಸ್ಸಿಂಗ್, ಶೇಂಗಾ ಸುಲಿಯುವುದು, ಕಾಫಿ, ಅರಗು, ರಬ್ಬರ್, ಚಹಾಗಳ ಜೊತೆ ಸಕ್ಕರೆಯೂ ಬೆಲ್ಲವೂ ಇವೆ. ಬಾಗಲಕೋಟೆಯ ಹಳೆಯ ಜಿನ್ನಿಂಗ್ ಕಾರ್ಮಿಕನೂ ಇಂದಿನ ಸಕ್ಕರೆ ಬಾಯ್ಲರಿನವನೂ ಒಂದೇ ಸಾಲಿನಲ್ಲಿ ವಿಮೆಯಿಂದ ಹೊರಬಿದ್ದದ್ದು ಹೀಗೆ. ಸಾಮಾಜಿಕ ಭದ್ರತಾ ಸಂಹಿತೆಯೂ ಹಂಗಾಮಿ ಕಾರ್ಖಾನೆಯ ಹೊರಗಿಡುವಿಕೆಯನ್ನು ಮುಂದುವರಿಸಿದೆ.

ಆ ವ್ಯಾಖ್ಯೆಯಲ್ಲಿ ಒಂದು ಷರತ್ತಿದೆ. ಕಾರ್ಖಾನೆ ಆ ಪಟ್ಟಿಯ ಕೆಲಸಗಳಲ್ಲಿ, ಇಲ್ಲವೇ ಅವಕ್ಕೆ ಹೊಂದಿಕೊಂಡ ಕೆಲಸಗಳಲ್ಲಿ ಮಾತ್ರ ತೊಡಗಿರಬೇಕು. ಸಕ್ಕರೆಗೆ ಬೇಕಾದ ಉಗಿ ಹೊಂದಿಕೊಂಡ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಧಾನ್ಯದಿಂದ ಎಥೆನಾಲ್ ಮಾಡುವುದು ಸಕ್ಕರೆಗೆ ಹೊಂದಿಕೊಂಡದ್ದೇ? ಬೇಸಿಗೆಯಲ್ಲಿ ಜಾಲಕ್ಕೆ ವಿದ್ಯುತ್ ಮಾರುವುದು? ಮೊದಲನೆಯದಕ್ಕೆ ಹೌದೆನ್ನುವುದು ಕಷ್ಟ ಎಂದು ನನ್ನ ತಿಳಿವಳಿಕೆ. ಜಿಲ್ಲೆಯ ಪ್ರತಿ ಕಾರ್ಖಾನೆಯ ಘಟಕಗಳನ್ನು ಈ ಷರತ್ತಿಗೆ ಹಚ್ಚಿ ನೋಡಿದರೆ ಹಲವು ಬಾಯ್ಲರ್ ಕಾರ್ಮಿಕರ ಕುಟುಂಬಗಳಿಗೆ ಆಸ್ಪತ್ರೆಯ ಬಾಗಿಲು ತೆರೆಯಬಹುದು.

ವಿಮೆಯಿಲ್ಲದವನಿಗೆ ಉಳಿಯುವುದು ನೌಕರರ ಪರಿಹಾರದ ಕಾನೂನು. ಅದೂ 1923ರದೇ. ಬಾಯ್ಲರನ್ನು ಕಾಯುವ ಕಾಯ್ದೆಯೂ ಗಾಯಗೊಂಡವನಿಗೆ ಹಣ ಕೊಡಿಸುವ ಕಾಯ್ದೆಯೂ ಒಂದೇ ವರ್ಷ ಬಂದವು. ಸಾವಿಗೆ ಪರಿಹಾರವೆಂದರೆ ತಿಂಗಳ ಪಗಾರದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಶದಿಂದ ಗುಣಿಸುವುದು; 40 ವರ್ಷದವನಿಗೆ ಆ ಅಂಶ 184.17. ಲೆಕ್ಕಕ್ಕೆ ಹಿಡಿಯುವ ಪಗಾರದ ಮೇಲ್ಮಿತಿ 2020ರ ಜನವರಿಯಿಂದ ₹15,000. ದಾಖಲೆಯಲ್ಲಿ ₹15,000 ಇದ್ದರೆ ₹13,81,275 ಬರುತ್ತದೆ, ₹10,000 ಇದ್ದರೆ ₹9,20,850. ಪಗಾರದ ಒಂದು ಪಾಲನ್ನು ಚೀಟಿಯಿಲ್ಲದೆ ಕೈಗೆ ಕೊಡುವ ಪದ್ಧತಿಯ ಬೆಲೆಯನ್ನು ಕೊನೆಗೆ ತೆರುವವರು ವಿಧವೆ ಮತ್ತು ಮಕ್ಕಳು.

ಆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಬಗಾಸೋಸಿಸ್ ಎಂಬ ಕಾಯಿಲೆ ಹೆಸರು ಪಡೆದಿದೆ. ರಾಶಿ ಹಾಕಿದ ಬಗಾಸು ಬೂಜು ಹಿಡಿದು ಬಿಸಿಯಾದಾಗ ಬೆಳೆಯುವ ಸೂಕ್ಷ್ಮಜೀವಿಗಳ ಧೂಳು ಪುಪ್ಪುಸಕ್ಕೆ ಹೋಗಿ ಕೆಮ್ಮು, ಜ್ವರ, ಏದುಸಿರು ತರುತ್ತದೆ. ನೆಗಡಿ ಜ್ವರವೆಂದು ಮಾತ್ರೆ ನುಂಗಿ ಮತ್ತೆ ಅದೇ ರಾಶಿಗೆ ಮರಳಿದರೆ ಪುಪ್ಪುಸ ಶಾಶ್ವತವಾಗಿ ಕೆಡಬಹುದು. ತಾಜಾ ಬಗಾಸಿಗಿಂತ ಹಳೆಯ ರಾಶಿಯ ಬಗಾಸು ಅಪಾಯಕಾರಿ. ಅದನ್ನು ಬಳಸುವುದೂ ಹಂಗಾಮಿನ ಆಚೆಗೇ. ಇದು ವೃತ್ತಿಯಿಂದ ಬಂದ ಕಾಯಿಲೆಯೆಂದು ಕಾನೂನು ಒಪ್ಪಿದೆ ಎಂಬುದು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ಕಾರ್ಮಿಕರಿಗೂ ಗೊತ್ತಿರಬೇಕು.

ಅಪಘಾತಗಳ ಬಗ್ಗೆ ಒಂದು ಮಾತು. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರದ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಅವಘಡಕ್ಕೆ ನಲವತ್ತಕ್ಕೂ ಹೆಚ್ಚು ಜನ ಬಲಿಯಾದರು. 2018ರ ಡಿಸೆಂಬರಿನಲ್ಲಿ ಮುಧೋಳ ತಾಲ್ಲೂಕಿನ ಸಕ್ಕರೆ ಕಾರ್ಖಾನೆಯೊಂದರ ಆವರಣದಲ್ಲಿ ಸ್ಫೋಟವಾಗಿ ಕಾರ್ಮಿಕರು ಸತ್ತಾಗ ಮೊದಲ ಸುದ್ದಿಗಳು ಬಾಯ್ಲರ್ ಎಂದವು. ಸಿಡಿದದ್ದು ಡಿಸ್ಟಿಲರಿಯ ತ್ಯಾಜ್ಯನೀರಿನ ಘಟಕ. ಬಾಯ್ಲರಿಗೆ ನೂರು ವರ್ಷದ ತಪಾಸಣೆಯ ಪರಂಪರೆಯಿದೆ, ಪತ್ರವುಳ್ಳ ಉಸ್ತುವಾರಿಯಿದೆ. ಅದರ ಸುತ್ತಲಿನ ಟ್ಯಾಂಕು, ಕೊಳವೆ, ಅನಿಲದ ಘಟಕಗಳಲ್ಲಿ ದುಡಿಯುವವರಿಗೆ ಅಷ್ಟು ಗಟ್ಟಿಯಾದ ಪದ್ಧತಿ ಇನ್ನೂ ಬೇಕಾಗಿದೆ.

8. ಕಾನೂನಿನ ಅಂಚಿನಲ್ಲಿರುವವರು

ಬಾಯ್ಲರ್ ಎನಿಸಿಕೊಳ್ಳಲು ಪಾತ್ರೆ ಮುಚ್ಚಿರಬೇಕು, ಒತ್ತಡದಲ್ಲಿ ಉಗಿ ಹುಟ್ಟಿಸಬೇಕು. 25 ಲೀಟರಿಗಿಂತ ಕಡಿಮೆ ಹಿಡಿಯುವುದು, ಚದರ ಸೆಂಟಿಮೀಟರಿಗೆ ಒಂದು ಕಿಲೊಗಿಂತ ಕಡಿಮೆ ಒತ್ತಡದ್ದು ಕಾಯ್ದೆಯ ಹೊರಗೆ. ಇಳಕಲ್ಲಿನ ಬಣ್ಣದ ಹಂಡೆಯೂ ಬೆಲ್ಲದ ಕಡಾಯಿಯೂ ಬಾಯಿ ತೆರೆದ ಪಾತ್ರೆಗಳಾದ್ದರಿಂದ ಇಡಿಯಾಗಿ ಹೊರಗುಳಿಯುತ್ತವೆ. ಸಿಡಿಯುವ ಭಯ ಅಲ್ಲಿಲ್ಲವೆಂಬುದು ಸರಿ. ಸುಟ್ಟಗಾಯ, ಹೊಗೆ, ಉರಿಯ ಮುಂದಿನ ರಾತ್ರಿಗಳು ಇವೆ.

ಅಂಚಿನಲ್ಲಿ ಇನ್ನೊಂದು ಬಗೆಯಿದೆ. ಸುರುಳಿ ಕೊಳವೆಯಲ್ಲಿ 25 ಲೀಟರಿನೊಳಗೆ ನೀರು ಹಿಡಿಯುವಂತೆ ಮಾಡಿದ ಸಣ್ಣ ಬಾಯ್ಲರುಗಳನ್ನು ‘ನಾನ್-ಐಬಿಆರ್’, ಅಂದರೆ ಭಾರತೀಯ ಬಾಯ್ಲರ್ ನಿಯಮಾವಳಿಯ ಹೊರಗಿನವು ಎಂದು ಮಾರುತ್ತಾರೆ. ಅವಕ್ಕೆ ತಪಾಸಣೆಯೂ ಬೇಡ, ಪತ್ರವುಳ್ಳ ಅಟೆಂಡಂಟನೂ ಬೇಡ ಎಂಬುದೇ ಮಾರಾಟದ ಆಕರ್ಷಣೆ. ಸಿಡಿದರೆ ಹಾನಿ ಕಡಿಮೆಯೆಂಬುದು ತಾಂತ್ರಿಕವಾಗಿ ನಿಜ. ಆದರೆ ಉಗಿ ನಡೆಸುವ ಕೆಲಸ ಆ ಕ್ಷಣದಿಂದ ಕುಶಲರ ಸಾಲಿನಿಂದ ಇಳಿದು ಸಹಾಯಕನ ಕೆಲಸವಾಗುತ್ತದೆ, ಪಗಾರವೂ ಜೊತೆಗೆ ಇಳಿಯುತ್ತದೆ. ಗ್ರಾನೈಟ್ ಕ್ವಾರಿಯ ಕಂಪ್ರೆಸರ್ ನಡೆಸುವವನ ಸ್ಥಿತಿಯೂ ಇದೇ. ಒತ್ತಡದ ಪಾತ್ರೆ ಅವನ ಕೈಯಲ್ಲೂ ಇದೆ; ಬಾಯ್ಲರ್ ಅಟೆಂಡಂಟನಿಗಿರುವಂಥ ಪರೀಕ್ಷೆ, ಪತ್ರಗಳ ಮನ್ನಣೆ ಅವನಿಗಿಲ್ಲ.

9. ನಿಷ್ಕರ್ಷೆ

ಮೇಲಿನ ಲೆಕ್ಕಗಳಿಂದ ನಾಲ್ಕು ಮಾತು ಹೊರಡುತ್ತವೆ.

ಮೊದಲನೆಯದು, ವೇತನ ಸಂಹಿತೆಯ 6ನೆಯ ಕಲಮು ಕನಿಷ್ಠ ವೇತನ ಗೊತ್ತುಪಡಿಸುವಾಗ ಸಹಿಸಲು ಕಷ್ಟವಾದ ಬಿಸಿ, ಸೆಕೆ, ಅಪಾಯದ ಕೆಲಸಗಳನ್ನು ಗಣನೆಗೆ ತೆಗೆದುಕೊಳ್ಳಬಹುದೆಂದು ಹೇಳುತ್ತದೆ. ಬಾಯ್ಲರ್ ಮನೆಗಿಂತ ಇದಕ್ಕೆ ಹೆಚ್ಚು ಒಪ್ಪುವ ಜಾಗ ಸಿಗಲಾರದು. ರಾಜ್ಯ ಸರ್ಕಾರ ಮುಂದಿನ ದರ ಹೊರಡಿಸುವಾಗ ಪತ್ರವುಳ್ಳ ಅಟೆಂಡಂಟನಿಂದ ಬೂದಿ ಎಳೆಯುವವನವರೆಗೆ ಎಲ್ಲರಿಗೂ ಬಿಸಿ ಮತ್ತು ಅಪಾಯದ ಹೆಚ್ಚುವರಿ ಸೇರಿಸಬೇಕು.

ಎರಡನೆಯದು, ಒಂದು ಜಾಗಕ್ಕೆ ನಾಲ್ವರು ಎಂಬುದನ್ನು ಸುರಕ್ಷತೆಯ ನಿಯಮವಾಗಿ ನೋಡಬೇಕು. ನಿದ್ದೆಗೆಟ್ಟ ಕಣ್ಣು ನೀರಿನ ಮಟ್ಟವನ್ನು ತಪ್ಪಾಗಿ ಓದುತ್ತದೆ. ರಿಲೀವರ್ ಇಲ್ಲದ ಪಾಳಿಯನ್ನು ದೋಷವಿರುವ ಸೇಫ್ಟಿ ವಾಲ್ವಿನಷ್ಟೇ ಗಂಭೀರವಾಗಿ ತಪಾಸಣೆಯಲ್ಲಿ ಬರೆಯಬೇಕು.

ಮೂರನೆಯದು, ಹಂಗಾಮಿ ಎಂಬ ಹಣೆಪಟ್ಟಿಯನ್ನು ಘಟಕವಾರು ಮರುಪರಿಶೀಲಿಸಬೇಕು. ಗ್ರಾಚ್ಯುಟಿ, ರಜೆ, ವಿಮೆ ಮೂರೂ ಅದರ ಮೇಲೆ ನಿಂತಿವೆ.

ನಾಲ್ಕನೆಯದು ಕಾರ್ಮಿಕರ ಕೈಯಲ್ಲೇ ಇದೆ. ಬಾಯ್ಲರ್ ಮನೆಯಲ್ಲಿ ಪ್ರತಿ ತಾಸಿಗೂ ಒತ್ತಡ, ಬಿಸಿ, ನೀರಿನ ಮಟ್ಟವನ್ನು ಲಾಗ್ ಹಾಳೆಗೆ ಬರೆದು ಸಹಿ ಮಾಡುತ್ತಾರೆ. ಯಾವ ದಿನ ಉಗಿ ಎದ್ದಿತು, ಯಾರು ಯಾವ ತಾಸಿಗೆ ಅಲ್ಲಿದ್ದರು, ಪಾಳಿ ಯಾವಾಗ ಬದಲಾಯಿತು ಎಂಬುದಕ್ಕೆ ಹಾಜರಿ ಪುಸ್ತಕಕ್ಕಿಂತ ನಂಬಲರ್ಹವಾದ ಸಾಕ್ಷಿ ಅದು. ಹಾಜರಿಯನ್ನು ತಿದ್ದಿದಷ್ಟು ಸುಲಭವಾಗಿ ಒತ್ತಡದ ಏರಿಳಿತವನ್ನು ತಿದ್ದಲಾಗದು. ಓವರ್‌ಟೈಮಿನ ತಾಸು, ಹಂಗಾಮಿನಾಚೆಯ ದಿನಗಳು, ಬದಲಿ ರಜೆ ಇವೆಲ್ಲಕ್ಕೂ ಲಾಗ್ ಹಾಳೆಯನ್ನು ವೇತನದ ದಾಖಲೆಯಾಗಿ ಒಪ್ಪುವಂತೆ ಸಂಘಗಳು ಒಪ್ಪಂದದಲ್ಲಿ ಬರೆಸಬೇಕು. ಕಾರ್ಮಿಕ ಇಲಾಖೆಯೂ ಕಾರ್ಖಾನೆ-ಬಾಯ್ಲರುಗಳ ಇಲಾಖೆಯೂ ತಪಾಸಣೆಗೆ ಹೋದಾಗ ಹಾಜರಿ ಪುಸ್ತಕವನ್ನೂ ಲಾಗ್ ಹಾಳೆಯನ್ನೂ ಒಂದೇ ಮೇಜಿನ ಮೇಲಿಟ್ಟು ತಾಳೆ ನೋಡಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ. ಬರುವ ಹಂಗಾಮಿನ ಪ್ರದೀಪನದ ದಿನದಿಂದಲೇ ತೊಡಗಬಹುದಾದ ಕೆಲಸ ಇದು.